ಇನ್ಶೂರೆನ್ಸ್ ಇತ್ತು, ಡಿಎಲ್ ತಾರೀಕು ಮುಗಿದಿತ್ತು

ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾವ ತಿಪಟೂರಿನಲ್ಲಿ ಸಣ್ಣದಾಗಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಸ್ವಂತದ್ದೊಂದು ಟಾಟಾ ಏಸ್ ಇದೆ, ಅವರೇ ಓಡಿಸುತ್ತಾರೆ. ಎರಡು ತಿಂಗಳ ಹಿಂದೆ ಬೆಳಗಿನ ಜಾವ ಕೆ.ಬಿ. ಕ್ರಾಸ್ ಹತ್ತಿರ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಗಾಡಿ ಪಲ್ಟಿಯಾಯಿತು. ದೇವರ ದಯೆ, ಕೈಗೆ ನಾಲ್ಕು ಹೊಲಿಗೆ ಬಿತ್ತು ಅಷ್ಟೇ. ಗ್ಯಾರೇಜಿನವರು 92 ಸಾವಿರ ಆಗುತ್ತೆ ಅಂದರು. ಫುಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರು, ಫೋಟೊ ತೆಗೆದರು, ಆರ್‌ಸಿ, ಪಾಲಿಸಿ ಎಲ್ಲಾ ನೋಡಿದರು. ಕೊನೆಗೆ ಡಿಎಲ್, ಅಂದರೆ ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಭಾವ ಪರ್ಸಿನಿಂದ ತೆಗೆದುಕೊಟ್ಟ ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು, ಯಾಕೆಂದರೆ 2005ರಲ್ಲಿ ಮಾಡಿಸಿದ ಕಾರ್ಡದು, ಅಕ್ಷರ ಅರ್ಧ ಮಾಸಿಹೋಗಿತ್ತು. ಆಗ 20 ವರ್ಷಕ್ಕೆ ಕೊಟ್ಟಿದ್ದರು. ಆ 20 ವರ್ಷ ಅಪಘಾತಕ್ಕೆ 19 ದಿನ ಮೊದಲೇ ಮುಗಿದಿತ್ತು. ಕ್ಲೇಮ್ ರಿಜೆಕ್ಟ್ ಆಯಿತು.

ತಾರೀಕು ಮುಗಿದ ಮೇಲೂ ಒಂದು ತಿಂಗಳು ಗ್ರೇಸ್ ಇರುತ್ತಲ್ಲ ಅಂತ ನಾನೂ ವಾದ ಮಾಡಿದೆ. ಮೊದಲು ಇತ್ತು, ನಿಜ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ ಆ 30 ದಿನ ತೆಗೆದುಹಾಕಿದರು. ಈಗ ಕಾರ್ಡಿನ ತಾರೀಕು ಮುಗಿದ ಮರುದಿನದಿಂದಲೇ ನಾವು ಡಿಎಲ್ ಇಲ್ಲದವರು. ಒಂದು ವರ್ಷದೊಳಗೆ ರಿನೀವಲ್ ಮಾಡಿಸಿದರೆ ಮತ್ತೆ ಗಾಡಿ ಓಡಿಸಿ ತೋರಿಸುವ ಟೆಸ್ಟ್ ಇಲ್ಲ, ಇದನ್ನೇ ಎಷ್ಟೋ ಜನ ವರ್ಷದ ತನಕ ನಡೆಯುತ್ತೆ ಅಂತ ತಿಳಿದುಕೊಂಡಿದ್ದಾರೆ. ನಡೆಯಲ್ಲ. ರಿನೀವಲ್ ಆದ ದಿನದಿಂದ ಮಾತ್ರ ಹೊಸ ಲೆಕ್ಕ, ಮಧ್ಯದ ದಿನಗಳು ಹಾಗೇ ಖಾಲಿ ಉಳಿಯುತ್ತವೆ.

ಗೂಡ್ಸ್ ಗಾಡಿಗೆ ಬ್ಯಾಡ್ಜ್ (ಇಂಥ ಗಾಡಿ ಓಡಿಸಲು ಡಿಎಲ್‌ನಲ್ಲಿ ಹಾಕಿಸುವ ಪ್ರತ್ಯೇಕ ಅನುಮತಿ) ಇಲ್ಲ ಅಂತ ರಿಜೆಕ್ಟ್ ಆಗಿರಬೇಕು ಎಂದೂ ಊರಲ್ಲಿ ಕೆಲವರು ಹೇಳಿದರು. ಅದಲ್ಲ. ಒಟ್ಟು ತೂಕ 7500 ಕೆಜಿ ಒಳಗಿನ ಗಾಡಿಯನ್ನು ಸಾಮಾನ್ಯ ಎಲ್‌ಎಂವಿ (ಲಘು ಮೋಟಾರು ವಾಹನ) ಡಿಎಲ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಸಣ್ಣ ಗೂಡ್ಸ್ ಗಾಡಿಯವರು ಈ ತೀರ್ಪನ್ನು ನೆನಪಿಟ್ಟುಕೊಳ್ಳಿ.

ನಿಯಮದ ಪ್ರಕಾರ ತಪ್ಪು ನಮ್ಮದೇ, ಒಪ್ಪುತ್ತೇನೆ. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಪಾಲಿಸಿ ಮಾಡಿಸಿದ್ದು ಒಂದು ಝೆರಾಕ್ಸ್ ಅಂಗಡಿಯಲ್ಲಿ. ಪ್ರತಿ ವರ್ಷ ಹಳೇ ಪಾಲಿಸಿ ಕೊಟ್ಟರೆ ಹತ್ತು ನಿಮಿಷದಲ್ಲಿ ಹೊಸದು ಪ್ರಿಂಟ್ ಆಗಿ ಬರುತ್ತಿತ್ತು. ಡಿಎಲ್ ಯಾವಾಗ ಮುಗಿಯುತ್ತೆ ಅಣ್ಣ ಅಂತ ಒಂದು ಸಲವಾದರೂ ಕೇಳಬಹುದಿತ್ತು ಅಲ್ವಾ? ಅದೇ ಪಾಲಿಸಿಯಲ್ಲಿ ಮಾಲೀಕನೇ ಓಡಿಸುವಾಗ ಸಿಗುವ 15 ಲಕ್ಷದ ಅಪಘಾತ ವಿಮೆಗೂ ದುಡ್ಡು ತೆಗೆದುಕೊಂಡಿದ್ದಾರೆ. ಅದಕ್ಕೂ ಚಾಲ್ತಿಯಲ್ಲಿರುವ ಡಿಎಲ್ ಬೇಕು. ಅಂದರೆ ಆವತ್ತು ಭಾವನಿಗೆ ಹೆಚ್ಚುಕಮ್ಮಿ ಆಗಿದ್ದರೆ ಅಕ್ಕನ ಕೈಗೆ ಅದೂ ಬರುತ್ತಿರಲಿಲ್ಲ. ರಾತ್ರಿ ಇದು ನೆನಪಾದರೆ ನಿದ್ದೆ ಬರಲ್ಲ. ಎದುರಿಗೆ ಬೈಕಿನವರು ಯಾರಾದರೂ ಇದ್ದಿದ್ದರಂತೂ ಮುಗಿಯಿತು. ಇಂಥ ಕೇಸುಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಹೇಳುವುದುಂಟು, ನಾವು ಇರುವ ತೋಟ ಮಾರಬೇಕಾಗುತ್ತಿತ್ತು.

ಪಾಲಿಸಿಯಲ್ಲಿ ಏಜೆಂಟ್ ಹೆಸರು ಹುಡುಕಿದೆ. ಅಂಗಡಿಯವನದಲ್ಲ, ಯಾರೋ ಹೆಣ್ಣುಮಗಳದ್ದು. ಕೇಳಿದರೆ, "ನಮ್ಮ ಮನೆಯವರ ಕೋಡ್ ಸರ್, ಎಲ್ಲಾ ಕಡೆ ಹೀಗೇ" ಅಂದ. ಪರೀಕ್ಷೆ ಬರೆದವರು ಒಬ್ಬರು, ಪಾಲಿಸಿ ಮಾರುವವರು ಇನ್ನೊಬ್ಬರು! ಏಜೆಂಟ್ ಆಗಬೇಕಾದರೆ 10ನೇ ತರಗತಿ ಪಾಸಾಗಿ ಐಸಿ-38 ಪರೀಕ್ಷೆ ಬರೆಯಬೇಕು. ಮೊದಲು ಲೈಸೆನ್ಸ್ ಅಂತಲೇ ಕೊಡುತ್ತಿದ್ದರು, 2015ರಿಂದ ಕಂಪನಿಯೇ ನೇಮಕ ಮಾಡಿಕೊಳ್ಳುತ್ತದೆ. ಆ ವರ್ಷ ತಿದ್ದಿದ ವಿಮಾ ಕಾಯ್ದೆಯಲ್ಲಿ, ನಿಯಮ ಮೀರಿ ಏಜೆಂಟ್ ಕೆಲಸ ಮಾಡುವವನಿಗೆ 10 ಸಾವಿರದವರೆಗೆ, ಅಂಥವನ ಮೂಲಕ ವ್ಯವಹಾರ ಮಾಡುವ ಕಂಪನಿಗೆ 1 ಕೋಟಿಯವರೆಗೆ ದಂಡ ಇಟ್ಟರು. ಇಷ್ಟು ದೊಡ್ಡ ದಂಡ ಇಟ್ಟುಕೊಂಡು ಇಂಥ ಅಂಗಡಿಗಳ ಕಡೆ ಒಬ್ಬರೂ ತಿರುಗಿ ನೋಡದಿದ್ದರೆ ಹೇಗೆ?

ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐನವರನ್ನು ನಾನು ಕೇಳುವುದು ಇಷ್ಟೇ. ರಿನೀವಲ್ ಮಾಡುವಾಗ ಡಿಎಲ್ ಮುಗಿಯುವ ತಾರೀಕನ್ನು ಕೇಳಿ ಬರೆದುಕೊಳ್ಳುವುದನ್ನು ಕಡ್ಡಾಯ ಮಾಡಿ. ಪಾಲಿಸಿಯ ಮೊದಲ ಪುಟದಲ್ಲೇ ಏಜೆಂಟ್ ಹೆಸರು ಮತ್ತು ಕೋಡ್ ದೊಡ್ಡದಾಗಿ, ಕನ್ನಡದಲ್ಲೂ ಇರಲಿ, ಎದುರಿಗೆ ಕೂತವನು ಅವನೇನಾ ಅಂತ ನಾವೇ ನೋಡಿಕೊಳ್ಳುತ್ತೇವೆ. ಸಾರಿಗೆ ಇಲಾಖೆಯವರು ಡಿಎಲ್ ಮುಗಿಯುವ ಎರಡು ತಿಂಗಳು ಮೊದಲು ಮೊಬೈಲ್‌ಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಲಿ. ಹಳೇ ಕಾರ್ಡಿನವರ ನಂಬರ್ ಇಲ್ಲದಿದ್ದರೆ ಆರ್‌ಸಿಗೆ ಕೊಟ್ಟ ನಂಬರ್ ಇದ್ದೇ ಇರುತ್ತದೆ.

ಭಾವ ಡಿಎಲ್ ಕೆಲಸಕ್ಕಿರುವ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಡಿಎಲ್ ರಿನೀವಲ್ ಮಾಡಿಸಿದ್ದಾರೆ. ವಯಸ್ಸು 40 ದಾಟಿದ್ದರಿಂದ ಡಾಕ್ಟರ್ ಸರ್ಟಿಫಿಕೇಟ್ ಬೇಕಾಯಿತು, ಬೇರೆ ಕಷ್ಟ ಏನೂ ಆಗಲಿಲ್ಲ. ಗಾಡಿ ಇನ್ನೂ ಗ್ಯಾರೇಜಿನಲ್ಲೇ ಇದೆ. ಕೊಬ್ಬರಿ ಮೂಟೆ ಬಾಡಿಗೆ ಗಾಡಿಯಲ್ಲಿ ಹೋಗುತ್ತಿದೆ.

— ಒಬ್ಬ ಓದುಗ, ತಿಪಟೂರು