ಹಾಸ್ಟೆಲ್ ಒಂದಾದರೆ ಸಾಲದು, ಪಾಠವೂ ಒಂದಾಗಬೇಕು

ಮಾನ್ಯ ಸಂಪಾದಕರೇ,

ಮಾನವಿಕ ವಿಷಯಗಳ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಒಂದೇ ಹಾಸ್ಟೆಲ್‌ನಲ್ಲಿರಿಸಿ ‘ವಸತಿ ಕಲಿಕಾ ಸಮುದಾಯ’ (ಒಟ್ಟಿಗೆ ವಾಸಿಸುತ್ತ ಒಟ್ಟಿಗೆ ಓದುವ ಗುಂಪು) ಎಂದು ಫಲಕ ತೂಗುಹಾಕುವುದು ಸುಲಭ. ಕೊಠಡಿಯ ಜತೆಗೆ ತರಗತಿಯನ್ನೂ ಹೊಂದಿಸದಿದ್ದರೆ ಅದು ಬರೀ ಹಾಸ್ಟೆಲ್ಲೇ.

ಕಲ್ಪನೆ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ 1927ರಲ್ಲಿ ತೆರೆದ ಪ್ರಾಯೋಗಿಕ ಕಾಲೇಜಿನಲ್ಲಿ ಮೊದಲ ವರ್ಷದವರೆಲ್ಲ ಓದುತ್ತಿದ್ದುದು ಪ್ರಾಚೀನ ಅಥೆನ್ಸನ್ನು. ಅಧ್ಯಾಪಕರ ಕಚೇರಿಯೂ ವಿದ್ಯಾರ್ಥಿನಿಲಯದೊಳಗೇ ಇತ್ತು. 1932ರಲ್ಲಿ ಅದು ಮುಚ್ಚಿತು. ಸೇರುವವರ ಸಂಖ್ಯೆ ಇಳಿದದ್ದರ ಜತೆಗೆ ವಿಶ್ವವಿದ್ಯಾಲಯದ ಉಳಿದವರೊಂದಿಗೆ ಹೊಂದಾಣಿಕೆ ಕೆಟ್ಟದ್ದೂ ಕಾರಣ. ಈ ಎರಡನೆಯ ಕಾಯಿಲೆ ಇಂದಿಗೂ ವಾಸಿಯಾಗಿಲ್ಲ.

ಮೊದಲ ತೊಡಕು ಕಚೇರಿಗಳದ್ದು. ಕೋರ್ಸ್ ನೋಂದಣಿ ಒಬ್ಬರ ಕೈಯಲ್ಲಿ, ಕೊಠಡಿ ಹಂಚಿಕೆ ಇನ್ನೊಬ್ಬರ ಕೈಯಲ್ಲಿ. ಎರಡು ಪಟ್ಟಿ ತಾಳೆಯಾಗದೆ 25 ಮಂದಿಯಲ್ಲಿ ಆರೇಳು ಜನ ಬೇರೆ ಸೆಕ್ಷನ್‌ಗೆ ಹೋದರೆಂದರೆ ಗುಂಪು ಮೊದಲ ವಾರವೇ ಒಡೆಯುತ್ತದೆ. ಸಾಮಾನ್ಯ ನೋಂದಣಿ ತೆರೆಯುವ ಮೊದಲೇ ಈ ಸೀಟುಗಳನ್ನು ಕಾದಿರಿಸಿ, ಒಂದೇ ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು.

ಜೋಡಿಸಲು ಎರಡು ಕೋರ್ಸ್, ವಾರಕ್ಕೊಂದು ಚರ್ಚಾ ತರಗತಿ ಸಾಕು. ಇತಿಹಾಸದವರು ಬರಗಾಲದ ಕಂದಾಯ ದಾಖಲೆ ಓದಿಸುವ ವಾರವೇ ಸಾಹಿತ್ಯದವರು ಬರದ ಕಥೆಯೊಂದನ್ನು ಕೈಗೆತ್ತಿಕೊಳ್ಳಲಿ. ದಾಖಲೆಯಲ್ಲಿ ಬಾಕಿ ಎಷ್ಟು ಎಂದಿದೆ, ಊರು ಬಿಟ್ಟವರು ಯಾರು ಎಂದಿಲ್ಲವಲ್ಲ ಎಂಬ ಜಗಳ ರಾತ್ರಿ ಊಟದ ಮೇಜಿನಲ್ಲಿ ತಾನಾಗಿ ಏಳುತ್ತದೆ. ಆದರೆ ಇದಕ್ಕೆ ಇಬ್ಬರು ಅಧ್ಯಾಪಕರು ಸೆಮಿಸ್ಟರ್‌ಗೆ ಮುಂಚೆಯೇ ಕೂತು ವಾರವಾರದ ಓದನ್ನು ಹೊಂದಿಸಿರಬೇಕು. ಇಲ್ಲವಾದರೆ ಮಕ್ಕಳಿಗೆ ಸಿಗುವುದು ಒಂದೇ ವಾರದಲ್ಲಿ ಎರಡೆರಡು ಪ್ರಬಂಧ, ಅಷ್ಟೇ. ಈ ಕೆಲಸವನ್ನೂ ಹಾಸ್ಟೆಲ್‌ಗೆ ಬಂದು ಕೂರುವ ಗಂಟೆಯನ್ನೂ ಕಾರ್ಯಭಾರಕ್ಕೆ ಸೇರಿಸದಿದ್ದರೆ ಎರಡನೇ ಸೆಮಿಸ್ಟರ್‌ಗೆ ಅಧ್ಯಾಪಕರು ಆ ಕಡೆ ತಲೆ ಹಾಕುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ.

ಸ್ನೇಹ ಹೆಚ್ಚಾದರೂ ತೊಂದರೆಯೇ. ಹಗಲೂ ರಾತ್ರಿ ಅದೇ ಮುಖಗಳಾದಾಗ ತರಗತಿ ಹೈಸ್ಕೂಲಿನ ಹಿಂದಿನ ಬೆಂಚಾಗುತ್ತದೆ: ಪಿಸುಮಾತು, ಗಡುವು ಮುಂದೂಡಿ ಎಂಬ ಸಾಮೂಹಿಕ ಒತ್ತಾಯ, ಕೊಠಡಿಯ ಮುನಿಸು ಚರ್ಚೆಯಲ್ಲಿ ಮೌನವಾಗಿ ಕೂರುವುದು. ಗುಂಪು ಬಿಟ್ಟುಹಾಕಿದ ವಿದ್ಯಾರ್ಥಿಗಂತೂ ಓಡಿಹೋಗಲು ಜಾಗವಿಲ್ಲ. ಆದ್ದರಿಂದ ಉಳಿದ ಕೋರ್ಸುಗಳು ಹೊರಗಿನವರೊಂದಿಗೇ ಇರಲಿ, ಅದೇ ಮಹಡಿಯಲ್ಲಿ ವಿಜ್ಞಾನದವರೂ ಇರಲಿ, ಕಾರಣ ಕೆದಕದೆ ಕೊಠಡಿ ಬದಲಿಸಿಕೊಡುವ ಅವಕಾಶವಿರಲಿ. ಗುಂಪಿಗೆ ನೆರವಾಗುವ ಎರಡನೇ ವರ್ಷದ ವಿದ್ಯಾರ್ಥಿ ಮಾರ್ಗದರ್ಶಿಗೆ ಶಿಸ್ತಿನ ಅಧಿಕಾರ ಬೇಡ. ದಂಡ ಹಾಕುವವನ ಮುಂದೆ ಪಾಠ ಅರ್ಥವಾಗಲಿಲ್ಲ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಸಿನಿಮಾ ಪ್ರದರ್ಶನ, ಪ್ರವಾಸಗಳೆಲ್ಲ ಹಣ ಉಳಿದರೆ ಮಾಡಬಹುದು.

ವರ್ಷದ ಕೊನೆಗೆ ಈ ಗುಂಪಿನ ಅಂಕಗಳನ್ನು ಉಳಿದವರದರ ಪಕ್ಕದಲ್ಲಿಟ್ಟು ಬೀಗುವುದುಂಟು. ಇಷ್ಟಪಟ್ಟು ಅರ್ಜಿ ಹಾಕಿದವರು ಮೊದಲೇ ಓದಿನ ಆಸಕ್ತಿಯವರು; ಆ ಹೋಲಿಕೆಗೆ ಬೆಲೆಯಿಲ್ಲ. ಅರ್ಜಿಗಳು ಸೀಟಿಗಿಂತ ಹೆಚ್ಚು ಬಂದಾಗ ಚೀಟಿ ಎತ್ತಿ ಆರಿಸಿ, ಸಿಕ್ಕವರನ್ನು ಸಿಗದವರೊಂದಿಗೆ ಹೋಲಿಸಬೇಕು.

– ಮಾನವಿಕ ವಿಭಾಗದ ಕೆಲವು ಅಧ್ಯಾಪಕರು