ಗುಂಪಿನವರ ಗಮನಕ್ಕೆ: ಪ್ಲಮ್ ಕಾಯಿ ಕಿತ್ತು ವಿರಳ ಮಾಡುವ ಹೊತ್ತು

ಮರದಲ್ಲಿ ಕಾಯಿ ಗೋಲಿ ಗಾತ್ರಕ್ಕೆ ಬಂದಿದ್ದರೆ ಈ ವಾರವೇ ಕೈ ಹಾಕಿ. ಎರಡು ಕಾಯಿಗಳ ನಡುವೆ 7–8 ಸೆಂ.ಮೀ. ಜಾಗ ಬಿಟ್ಟು ಮಿಕ್ಕಿದ್ದನ್ನು ತಿರುಚಿ ಕೀಳಿ. ಹೊಟ್ಟೆ ಉರಿಯುತ್ತದೆ, ನಿಜ. ಹಾಗೇ ಬಿಟ್ಟರೆ ಹಣ್ಣು ಸಣ್ಣದಾಗಿ ಸಪ್ಪೆಯಾಗುತ್ತದೆ, ಭಾರಕ್ಕೆ ಕೊಂಬೆ ಸೀಳುತ್ತದೆ, ಮುಂದಿನ ವರ್ಷ ಫಸಲೂ ಕೈಕೊಡುತ್ತದೆ. ಒಂದಕ್ಕೊಂದು ತಾಗಿದ ಹಣ್ಣುಗಳ ನಡುವೆ ತೇವ ನಿಂತು ಕಂದು ಕೊಳೆ ರೋಗ ಶುರುವಾಗುವುದೂ ಅಲ್ಲೇ. ಕೊಳೆತು ಒಣಗಿ ನೇತಾಡುವ ಹಣ್ಣನ್ನು ಮರದಲ್ಲಿ ಬಿಡಬೇಡಿ. ರೋಗ ಅದರಲ್ಲೇ ಮುಂದಿನ ಹೂವಿನವರೆಗೆ ಉಳಿಯುತ್ತದೆ.

ಹೂ ಬಿಟ್ಟೂ ಕಾಯಿ ಕಟ್ಟಲಿಲ್ಲ ಎಂದವರಿಗೆ: ಜಪಾನಿ ತಳಿಗಳಲ್ಲಿ ಹೆಚ್ಚಿನವಕ್ಕೆ ಅದೇ ಹೊತ್ತಿಗೆ ಅರಳುವ ಇನ್ನೊಂದು ತಳಿ ಹತ್ತಿರದಲ್ಲಿ ಬೇಕು. ಒಂದೇ ಗಿಡಕ್ಕೆ ಜಾಗವಿದ್ದರೆ ವಿಕ್ಟೋರಿಯಾದಂಥ, ತನ್ನ ಪರಾಗದಲ್ಲೇ ಕಾಯಿ ಕಟ್ಟುವ ತಳಿ ನೆಡಿ. ಕಸಿ ಗಂಟು (ಕಾಂಡದಲ್ಲಿ ಕಸಿ ಕೂಡಿಸಿದ ಕಡೆಯ ಉಬ್ಬು) ಮಣ್ಣಿನ ಮೇಲೆಯೇ ಇರಲಿ. ಕತ್ತರಿ ಕೆಲಸ ಬೇಸಿಗೆಯಲ್ಲಿ, ಒಣ ದಿನ ನೋಡಿ. ಚಳಿಗಾಲದಲ್ಲಿ ಕತ್ತರಿಸಿದ ಗಾಯ ಬೇಗ ಮಾಯದೆ ಬೆಳ್ಳಿ ಎಲೆ ರೋಗದ ಶಿಲೀಂಧ್ರ ಒಳಹೊಗುತ್ತದೆ.

ಜಾಮ್‌ಗೆ ಬೀಜ ತೆಗೆದ ಹಣ್ಣು 1 ಕೆ.ಜಿ., ನೀರು 150 ಮಿ.ಲೀ., ಸಕ್ಕರೆ 750 ಗ್ರಾಂ. ಸಿಪ್ಪೆ ಹಿಸುಕಿದರೆ ಕರಗುವಷ್ಟು ಬೆಂದ ಮೇಲೆಯೇ ಸಕ್ಕರೆ. ಮೊದಲೇ ಸುರಿದರೆ ಸಿಪ್ಪೆ ಚರ್ಮದ ಹಾಗೆ ಬಿಗಿಯುತ್ತದೆ. ಹದ ನೋಡಲು ತಣ್ಣನೆ ತಟ್ಟೆಗೆ ಅರ್ಧ ಚಮಚ ಜಾಮ್ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ನೆರಿಗೆ ಬಿದ್ದರೆ ಇಳಿಸಿ. ಪೂರ್ತಿ ಮೆತ್ತಗಾದ ಹಣ್ಣು ಜಾಮ್‌ಗೆ ಬೇಡ, ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಅದರಲ್ಲಿ ಕಡಿಮೆ. ಅವನ್ನು ಹಾಗೇ ತಿಂದುಬಿಡಿ.