ಭಾನುವಾರದ ಸುತ್ತಾಟ: ಮೊದಲು ಗೋಪುರ, ಆಮೇಲೆ ಗಂಟೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಪಣಜಿ ಬಸ್ ನಿಲ್ದಾಣದಲ್ಲಿ ಸೇರೋಣ.

ಪಣಜಿ ಚರ್ಚಿನ ಬಿಳಿ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಂಡವರೇ ನಮ್ಮಲ್ಲಿ ಜಾಸ್ತಿ, ಆದರೆ ತಲೆ ಎತ್ತಿ ಗಂಟೆ ನೋಡಿದವರು ಎಷ್ಟು ಜನ? ಅದು ಮೊದಲಿಂದ ಅಲ್ಲಿದ್ದದ್ದಲ್ಲ. ಹಳೆ ಗೋವಾದ ಸಂತ ಆಗಸ್ಟಿನ್ ಚರ್ಚಿನದ್ದು. 1835ರಲ್ಲಿ ಅಲ್ಲಿನ ಮಠ ಖಾಲಿಯಾಯಿತು, 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು, ಗಂಟೆ ಮಾತ್ರ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿ ಹಲವು ವರ್ಷ ಕಳೆದು 1871ರಲ್ಲಿ ಪಣಜಿಗೆ ಬಂತು. ಗೋವಾದಲ್ಲಿ ಇದಕ್ಕಿಂತ ದೊಡ್ಡದು ಸೆ ಕೆಥೆಡ್ರಲ್‌ನ ಚಿನ್ನದ ಗಂಟೆ ಒಂದೇ (ಚಿನ್ನ ಅನ್ನುವುದು ಅದರ ನಾದಕ್ಕೆ ಸಿಕ್ಕ ಹೆಸರು, ಆಸೆ ಬೇಡ).

ಅದಕ್ಕೇ ಮೊದಲು ಹಳೆ ಗೋವಾಕ್ಕೆ ಹೋಗೋಣ. ಸಂತ ಆಗಸ್ಟಿನ್ ಚರ್ಚಿನ ಗೋಪುರ 46 ಮೀಟರ್ ಎತ್ತರದ್ದಾಗಿತ್ತು, 1931ರಲ್ಲಿ ಅರ್ಧ ಬಿದ್ದುಹೋಯಿತು. ಎಲ್ಲಾ ಜಂಬಿಟ್ಟಿಗೆ ಕಲ್ಲು, ನಮ್ಮ ಕರಾವಳಿಯ ಹಳೆ ಮನೆಗಳದ್ದೇ ಅಲ್ವಾ? ಅಲ್ಲಿ ನೆರಳು ಕಡಿಮೆ, ಟೋಪಿ, ನೀರು ತನ್ನಿ. ಪಣಜಿ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದರೆ ಹೊರಗೇ ಸುಮ್ನೆ ಕಾಯೋಣ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಬರೀ ಹೆಬ್ಬೆರಳಿನ ಗುರುತು ಹಾಕಬೇಡಿ, ಕಳೆದ ಸಲ ಅದರಿಂದಲೇ ಲೆಕ್ಕ ತಪ್ಪಿತ್ತು.